35 ಸೆಂಟಿಮೀಟರ್ ದೂರು, ಐದನೇ ಪುಟದ ಎರಡು ಸಾಲು

ಇಂಗ್ಲೆಂಡಿಗೆ ಬಂದು ಮನೆ ಕೊಂಡ ನಮ್ಮವರಲ್ಲಿ ಒಂದು ನಂಬಿಕೆ ಇದೆ. ಇಲ್ಲಿ ರೂಲ್ಸ್ ಅಂದರೆ ರೂಲ್ಸ್, ಪಕ್ಕದವರು ಅನುಮತಿ ಇಲ್ಲದೆ ಏನಾದರೂ ಕಟ್ಟಿದರೆ ಕೌನ್ಸಿಲ್‌ಗೆ (ಊರಿನ ಸ್ಥಳೀಯ ಆಡಳಿತಕ್ಕೆ) ಒಂದು ಮೇಲ್ ಹಾಕಿದರೆ ಸಾಕು, ಬಂದು ಒಡೆಸುತ್ತಾರೆ ಅಂತ. ಪ್ಲಾನಿಂಗ್, ಅಂದರೆ ಕಟ್ಟಡ ಮತ್ತು ಜಾಗದ ಬಳಕೆಯ ಅನುಮತಿಯ ಕೆಲಸದಲ್ಲೇ ಇರುವ ನನ್ನ ಹತ್ತಿರ ಇಂಥ ಪ್ರಶ್ನೆಗಳು ಆಗಾಗ ಬರುತ್ತವೆ. ಉತ್ತರ ಕೇಳಿ ಬಹಳ ಜನಕ್ಕೆ ಸಿಟ್ಟೂ ಬರುತ್ತದೆ. ಯಾವ ದೂರನ್ನು ಮೊದಲು ಎತ್ತಿಕೊಳ್ಳಬೇಕು, ಯಾವುದನ್ನು ಕಂಡೂ ಬಿಡಬೇಕು ಎಂದು ತೀರ್ಮಾನಿಸುವ ಹಕ್ಕು ಇಲ್ಲಿನ ಕೌನ್ಸಿಲ್‌ಗಳಿಗೆ ಕಾನೂನೇ ಕೊಟ್ಟಿದೆ.

ಆ ತೀರ್ಮಾನ ಹೇಗೆ ನಡೆಯುತ್ತದೆ ಅಂತ ತೋರಿಸಲು ಒಂದೇ ಒಂದು ಪ್ರಕರಣ ತೆಗೆದುಕೊಂಡಿದ್ದೇನೆ. ಊರಿನ ಹೆಸರು ಹೇಳುವುದಿಲ್ಲ. ಜನರನ್ನು ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದ್ದೇನೆ. ದೂರು ಕೊಟ್ಟವರನ್ನು ರಾಯರು ಎಂದು ಕರೆಯೋಣ. ಉಳಿದವರು ಮನೆ ಮಾಲೀಕ, ಆಫೀಸರ್, ಅಷ್ಟೇ.

ಹಿನ್ನೆಲೆ

ದಕ್ಷಿಣ ಇಂಗ್ಲೆಂಡಿನ ಒಂದು ಮಧ್ಯಮ ಗಾತ್ರದ ಊರು. ಎರಡೆರಡು ಮನೆ ಅಂಟಿಕೊಂಡಿರುವ ಬೀದಿ, ಹಿಂದೆ ಉದ್ದನೆಯ ಹಿತ್ತಲು. ರಾಯರ ಮನೆಗೆ ಅಂಟಿಕೊಂಡ ಮನೆ ಬಾಡಿಗೆಯದು. ಮಾಲೀಕ ಬೇರೆ ಊರಿನಲ್ಲಿದ್ದ. 2022ರ ಬೇಸಿಗೆಯಲ್ಲಿ ಆ ಹಿತ್ತಲಿನ ತುದಿಯಲ್ಲಿ, ರಾಯರ ಬೇಲಿಗೆ ಒತ್ತಿಕೊಂಡ ಹಾಗೆ, ಇಟ್ಟಿಗೆಯ ಒಂದು ಔಟ್‌ಹೌಸ್ ಎದ್ದಿತು. ಚಪ್ಪಟೆ ಛಾವಣಿ, ಎರಡು ಕಿಟಕಿ, ಒಂದು ಬಾಗಿಲು.

ಔಟ್‌ಹೌಸ್ ಕಟ್ಟುವುದಕ್ಕೆ ಇಂಗ್ಲೆಂಡಿನಲ್ಲಿ ಪ್ರತಿ ಸಲ ಅರ್ಜಿ ಹಾಕಬೇಕಿಲ್ಲ. 2015ರ ಒಂದು ಆದೇಶದಲ್ಲಿ ಇದಕ್ಕೆ ಸಾಮಾನ್ಯ ಅನುಮತಿ ಇದೆ, ಆದರೆ ಮಿತಿಗಳಿವೆ. ಬೇಲಿಯಿಂದ 2 ಮೀಟರ್ ಒಳಗೆ ಕಟ್ಟಿದರೆ ಎತ್ತರ 2.5 ಮೀಟರ್ ದಾಟಬಾರದು. ಮೂಲ ಮನೆಯನ್ನು ಬಿಟ್ಟು ಉಳಿದ ಜಾಗದ ಅರ್ಧಕ್ಕಿಂತ ಜಾಸ್ತಿ ತುಂಬಬಾರದು. ಮನೆಯಲ್ಲಿರುವವರ ಉಪಯೋಗಕ್ಕೆ ಪೂರಕವಾಗಿರಬೇಕು: ಸಾಮಾನು ಇಡುವುದು, ಜಿಮ್, ಹವ್ಯಾಸದ ಕೋಣೆ, ಇಂಥದ್ದು. ಅದರಲ್ಲಿ ಮಲಗುವ ಕೋಣೆ, ಅಡುಗೆಮನೆ, ಬೇರೆ ಸಂಸಾರ ಇದ್ದರೆ ಈ ಸಾಮಾನ್ಯ ಅನುಮತಿ ಸಿಗುವುದಿಲ್ಲ.

ಈ ಕಟ್ಟಡದ ಎತ್ತರ 2.85 ಮೀಟರ್. ಅಂದರೆ 35 ಸೆಂಟಿಮೀಟರ್ ಜಾಸ್ತಿ. ಮಿತಿ ದಾಟಿದ ಮೇಲೆ ಆ 35 ಸೆಂಟಿಮೀಟರ್ ಮಾತ್ರ ಅಕ್ರಮವಾಗುವುದಿಲ್ಲ, ಇಡೀ ಕಟ್ಟಡವೇ ಅನುಮತಿ ಇಲ್ಲದ್ದಾಗುತ್ತದೆ. ರಾಯರು ಇದನ್ನು ಓದಿ ತಿಳಿದುಕೊಂಡಿದ್ದರು. ಅದಕ್ಕೇ ಗೆದ್ದೇಬಿಟ್ಟೆ ಅಂದುಕೊಂಡಿದ್ದರು.

ಮೊದಲ ದೂರು

ಆರು ಪುಟ. ಟೈಪ್ ಮಾಡಿದ್ದು, ಫೋಟೋಗಳ ಸಮೇತ. ನಾನು ಅದನ್ನು ಓದಿದ್ದು ಬಹಳ ತಡವಾಗಿ, ಎಲ್ಲ ಮುಗಿದುಹೋಯಿತು ಅಂತ ರಾಯರು ಕೈಚೆಲ್ಲಿದ ಮೇಲೆ.

ಮೊದಲ ಎರಡು ಪುಟ ಎತ್ತರದ ಬಗ್ಗೆ. ಮೂರನೆಯದರಲ್ಲಿ ಮನೆಯ ಬೆಲೆ ಬಿದ್ದುಹೋಗುತ್ತದೆ ಅನ್ನುವ ಮಾತು. ನಾಲ್ಕನೆಯದರಲ್ಲಿ ಬೇಲಿ ನಮ್ಮ ಕಡೆ ನಾಲ್ಕು ಬೆರಳು ಬಂದಿದೆ ಅನ್ನುವ ವಾದ, ಮಾಲೀಕ ಒಂದು ಮಾತೂ ಕೇಳಲಿಲ್ಲ ಅನ್ನುವ ನೋವು. ಐದನೆಯದರಲ್ಲಿ ಕಟ್ಟುವಾಗ ಆದ ಧೂಳು, ಗಲಾಟೆ. ಕೊನೆಯದರಲ್ಲಿ ಇಂಥವರನ್ನು ಸುಮ್ನೆ ಬಿಡಬಾರದು ಅನ್ನುವ ವಿನಂತಿ.

ಸತ್ಯ ಹೇಳಬೇಕೆಂದರೆ ಇದರಲ್ಲಿ ಮುಕ್ಕಾಲು ಭಾಗ ಕೌನ್ಸಿಲ್ ಓದಿಯೂ ಓದದ ಹಾಗೆ ಬಿಡಬೇಕಾದದ್ದೇ. ಮನೆ ಬೆಲೆ ಪ್ಲಾನಿಂಗ್ ವಿಷಯವಲ್ಲ. ಗಡಿ ಜಗಳ ಇಬ್ಬರು ಮಾಲೀಕರ ನಡುವಿನ ಸಿವಿಲ್ ವಿಷಯ. ಕೇಳದೆ ಕಟ್ಟಿದರು ಅನ್ನುವುದು ನೆರೆಹೊರೆಯ ಮರ್ಯಾದೆಯ ಪ್ರಶ್ನೆ, ಅಷ್ಟೇ. ಕಟ್ಟುವಾಗಿನ ಧೂಳು ಕಟ್ಟಿ ಮುಗಿದ ಮೇಲೆ ಇರುವುದಿಲ್ಲ. ಉಳಿದದ್ದು ಎತ್ತರ ಒಂದೇ.

ಈ ಕೌನ್ಸಿಲ್‌ನ ಎನ್‌ಫೋರ್ಸ್‌ಮೆಂಟ್ ಪ್ಲಾನ್, ಅಂದರೆ ನಿಯಮ ಮೀರಿದ ದೂರುಗಳನ್ನು ಹೇಗೆ ನೋಡುತ್ತೇವೆ ಅಂತ ಬರೆದಿಟ್ಟ ದಾಖಲೆ, ಅವರ ವೆಬ್‌ಸೈಟಿನಲ್ಲೇ ಇತ್ತು. ದೂರುಗಳನ್ನು ಮೂರು ಗುಂಪು ಮಾಡಿದ್ದರು. ಮೊದಲನೆಯದು: ಚಾರಿತ್ರಿಕ ಪಟ್ಟಿಯಲ್ಲಿರುವ ಕಟ್ಟಡ, ರಕ್ಷಿತ ಮರ, ಜೀವಕ್ಕೆ ಅಪಾಯ. ಇದಕ್ಕೆ ಅದೇ ದಿನ ಅಥವಾ ಮಾರನೆಯ ದಿನ ಹೋಗುತ್ತಾರೆ. ಎರಡನೆಯದು: ಕಟ್ಟಡದ ಬಳಕೆ ಬದಲಾಗಿ ಸುತ್ತಲಿನವರಿಗೆ ನಿಜವಾದ ತೊಂದರೆ ಆಗುತ್ತಿರುವುದು. ಮೂರನೆಯದು ಶೆಡ್, ಬೇಲಿ, ಸ್ವಲ್ಪ ದೊಡ್ಡದಾದ ಎಕ್ಸ್‌ಟೆನ್ಶನ್, ಬೋರ್ಡು. ರಾಯರ ಆರು ಪುಟ ಮೂರನೇ ಗುಂಪಿಗೆ ಹೋಯಿತು.

ವಾರಗಟ್ಟಲೆ ಕಾದ ಮೇಲೆ ಆಫೀಸರ್ ಬಂದರು. ಟೇಪು ಹಿಡಿದು ಎತ್ತರ ಅಳೆದರು, ರಾಯರ ಅಡುಗೆಮನೆ ಕಿಟಕಿಯಿಂದ ಫೋಟೋ ತೆಗೆದುಕೊಂಡರು, ಹೋದರು. 2023ರ ಆರಂಭದಲ್ಲಿ ಪತ್ರ ಬಂತು. ನಿಯಮ ಮೀರಿರುವುದು ಹೌದು, ಆದರೆ ಕ್ರಮ ಕೈಗೊಳ್ಳುವುದು ಸೂಕ್ತವೆನಿಸುವುದಿಲ್ಲ, ಕಡತ ಮುಚ್ಚಿದ್ದೇವೆ. ಅಷ್ಟೇ.

ರಾಯರಿಗೆ ಇದು ನುಂಗಲಾರದ ತುತ್ತಾಯಿತು. ತಪ್ಪು ಅಂತ ಅವರೇ ಬರೆದುಕೊಟ್ಟಿದ್ದಾರೆ, ಮತ್ತೆ ಏನೂ ಮಾಡುವುದಿಲ್ಲ ಅಂತಲೂ ಅವರೇ ಹೇಳುತ್ತಾರೆ! ಹೊರಗಿನವರು ಅಂತ ಅಸಡ್ಡೆ ಅನ್ನುವ ಅನುಮಾನ ಬಂತು. ಆ ಅನುಮಾನಕ್ಕೆ ತುಪ್ಪ ಸುರಿಯುವ ಹಾಗೆ ಅದೇ ತಿಂಗಳಲ್ಲಿ ಬೀದಿಯ ಕೊನೆಯಲ್ಲಿ ಇನ್ನೊಂದು ಘಟನೆ ನಡೆಯಿತು. ಯಾರೋ ಒಂದು ಹಳೆಯ ಓಕ್ ಮರಕ್ಕೆ ಗರಗಸ ಹಾಕಿದ್ದರು. ಬೆಳಿಗ್ಗೆ ಒಬ್ಬರು ಫೋನ್ ಮಾಡಿದರು, ಮಧ್ಯಾಹ್ನದೊಳಗೆ ಕೌನ್ಸಿಲ್‌ನ ಕಾರು ಬಂದು ನಿಂತಿತ್ತು.

ರಾಯರು ನನ್ನನ್ನು ಕೇಳಿದ್ದು ಇದನ್ನೇ. "ಮರಕ್ಕಿರುವ ಬೆಲೆ ಮನುಷ್ಯನಿಗಿಲ್ವಾ?"

ಮರಕ್ಕೆ ಯಾಕೆ ಓಡಿ ಬಂದರು

ಈ ಪ್ರಶ್ನೆಗೆ ಉತ್ತರ ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಗೊತ್ತಾಗುತ್ತದೆ. ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ.

ಇಂಗ್ಲೆಂಡಿನಲ್ಲಿ ಅನುಮತಿ ಇಲ್ಲದೆ ಕಟ್ಟುವುದು, ತನ್ನಷ್ಟಕ್ಕೆ ತಾನೇ, ಅಪರಾಧವಲ್ಲ. ಕೇಳಿದವರು ನಂಬುವುದಿಲ್ಲ, ಆದರೆ ಹಾಗೇ ಇದೆ. ಕೌನ್ಸಿಲ್ ನೋಟಿಸ್ ಕೊಟ್ಟು, ಅದು ಜಾರಿಗೆ ಬಂದು, ಅದರಲ್ಲಿ ಹೇಳಿದ್ದನ್ನು ಮಾಡದೆ ಹೋದಾಗ ಅಪರಾಧವಾಗುತ್ತದೆ. ಆದರೆ ಚಾರಿತ್ರಿಕ ಪಟ್ಟಿಯಲ್ಲಿರುವ ಕಟ್ಟಡವನ್ನು ಒಪ್ಪಿಗೆಯಿಲ್ಲದೆ ಒಡೆದು ಬದಲಾಯಿಸಿದರೆ, ರಕ್ಷಿತ ಮರವನ್ನು ಕಡಿದರೆ, ಆ ಕ್ಷಣದಿಂದಲೇ ಅಪರಾಧ. ಕಾರಣ ಸರಳ. ಔಟ್‌ಹೌಸನ್ನು ನಾಳೆ ಒಡೆಯಬಹುದು, ಮುಂದಿನ ವರ್ಷವೂ ಒಡೆಯಬಹುದು. ನೂರಾರು ವರ್ಷದ ಮರವನ್ನು ಮತ್ತೆ ನಿಲ್ಲಿಸಲು ಆಗುವುದಿಲ್ಲ. ಸರಿಪಡಿಸಲು ಆಗದ ಹಾನಿ ಮೊದಲು, ಸರಿಪಡಿಸಬಹುದಾದದ್ದು ಆಮೇಲೆ.

ಇನ್ನು ಔಟ್‌ಹೌಸಿನ ವಿಷಯ. 1990ರ ಪ್ಲಾನಿಂಗ್ ಕಾಯಿದೆಯ 172ನೇ ಸೆಕ್ಷನ್ ಪ್ರಕಾರ ನಿಯಮ ಮೀರಿದ್ದು ಸಾಕಾಗುವುದಿಲ್ಲ, ನೋಟಿಸ್ ಕೊಡುವುದು ಸೂಕ್ತ ಅಂತ ಕೌನ್ಸಿಲ್‌ಗೆ ಅನ್ನಿಸಬೇಕು. ಇಂಗ್ಲೆಂಡ್ ಸರ್ಕಾರದ ರಾಷ್ಟ್ರೀಯ ಪ್ಲಾನಿಂಗ್ ನೀತಿಯಲ್ಲೂ ಎನ್‌ಫೋರ್ಸ್‌ಮೆಂಟ್ ಕೌನ್ಸಿಲ್‌ನ ವಿವೇಚನೆಗೆ ಬಿಟ್ಟದ್ದು, ಕ್ರಮ ತಪ್ಪಿಗೆ ತಕ್ಕಷ್ಟಿರಬೇಕು ಅಂತಲೇ ಇದೆ. ಆಫೀಸರ್ ತನ್ನನ್ನು ತಾನು ಕೇಳಿಕೊಳ್ಳುವ ಪ್ರಶ್ನೆ ಹೀಗಿರುತ್ತದೆ: ಇದಕ್ಕೇ ಅರ್ಜಿ ಬಂದಿದ್ದರೆ ನಾವು ಅನುಮತಿ ಕೊಡುತ್ತಿದ್ದೆವಾ? ಕೊಡುತ್ತಿದ್ದೆವು ಅಂತಾದರೆ ನೋಟಿಸ್ ಯಾಕೆ? ಇನ್ನೊಂದು ಪ್ರಶ್ನೆ: ಒಡೆಸಿದರೆ ಮಾಲೀಕ ಏನು ಮಾಡುತ್ತಾನೆ? ಮಾರನೆಯ ದಿನ ಅದೇ ಜಾಗದಲ್ಲಿ 2.5 ಮೀಟರ್ ಎತ್ತರಕ್ಕೆ ಅರ್ಜಿಯನ್ನೇ ಹಾಕದೆ ಕಟ್ಟಬಹುದು. ಆಗ ರಾಯರಿಗೆ ಸಿಗುವ ಬೆಳಕು ಎಷ್ಟು ಜಾಸ್ತಿಯಾಗುತ್ತದೆ? ಹೆಚ್ಚೇನಿಲ್ಲ. ಗುಡ್ಡ ಅಗೆದು ಇಲಿ ಹಿಡಿದ ಹಾಗೆ ಆಗುತ್ತದೆ.

ಎತ್ತರದ ಮಟ್ಟಿಗೆ ಕೌನ್ಸಿಲ್ ತೀರ್ಮಾನ ಸರಿ ಅಂತಲೇ ನನ್ನ ಅಭಿಪ್ರಾಯ. ರಾಯರಿಗೂ ಹಾಗೇ ಹೇಳಿದೆ. ಅವರ ಮುಖ ಸಪ್ಪಗಾಯಿತು. ಆದರೆ ಆ ಪತ್ರ ಬರೆದ ರೀತಿ ಸರಿ ಇರಲಿಲ್ಲ. ಮೇಲೆ ಹೇಳಿದ ಎರಡು ಪ್ರಶ್ನೆಗಳನ್ನು ನಾಲ್ಕು ಸಾಲಿನಲ್ಲಿ ಬರೆದಿದ್ದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತಿತ್ತು.

ಐದನೇ ಪುಟ

ಆರು ಪುಟದ ದೂರನ್ನು ಓದುತ್ತಿದ್ದಾಗ ಐದನೇ ಪುಟದಲ್ಲಿ ಧೂಳು, ಗಲಾಟೆಗಳ ನಡುವೆ ಎರಡು ಸಾಲು ಸಿಕ್ಕವು. ಕಟ್ಟಡ ಮುಗಿದ ಮೇಲೂ ರಾತ್ರಿ ದೀಪ ಉರಿಯುತ್ತದೆ. ಪಕ್ಕದ ಓಣಿಯಿಂದ ಒಂದು ಮಗುವನ್ನು ಕರೆದುಕೊಂಡು ಯಾರೋ ಓಡಾಡುತ್ತಾರೆ, ಒಗ್ಗರಣೆ ವಾಸನೆ ಬರುತ್ತದೆ.

"ರಾಯರೇ, ಒಗ್ಗರಣೆ ವಾಸನೆ ಎಲ್ಲಿಂದ ಬರುತ್ತೆ? ದೊಡ್ಡ ಮನೆಯಿಂದಲಾ, ಔಟ್‌ಹೌಸಿನಿಂದಲಾ?"

"ಔಟ್‌ಹೌಸಿನಿಂದಲೇ. ದೊಡ್ಡ ಮನೆಯಲ್ಲಿರುವವರು ಬೇರೆ ಜನ."

ಪ್ರಕರಣ ತಿರುಗಿದ್ದು ಇಲ್ಲಿ. ಜಿಮ್‌ನಲ್ಲಿ ಯಾರೂ ಒಗ್ಗರಣೆ ಹಾಕುವುದಿಲ್ಲ ಅಲ್ವಾ? ಅಲ್ಲಿ ಬೇರೆಯೇ ಒಂದು ಸಂಸಾರ ಇದೆ ಅಂತಾದರೆ ಅದು ಪ್ರತ್ಯೇಕ ಮನೆ. ಬಾಗಿಲು ಒಂದೇ, ಹೊರಗೆ ಬರಲು ಕಿರಿದಾದ ಓಣಿ ಒಂದೇ, ಬೆಂಕಿ ಬಿದ್ದರೆ ಗತಿ ಏನು ಅನ್ನುವುದು ಯಾರಿಗೂ ಗೊತ್ತಿಲ್ಲ. ಮೂರನೇ ಗುಂಪಿನ ದೂರಿನ ಹೊಟ್ಟೆಯಲ್ಲಿ ಮೇಲಿನ ಗುಂಪಿಗೆ ಸೇರಬೇಕಾದ ವಿಷಯ ಅಡಗಿತ್ತು. ದೂರು ಕೊಟ್ಟವರಿಗೂ ಅದು ಗೊತ್ತಿರಲಿಲ್ಲ, ಓದಿದವರ ಕಣ್ಣಿಗೂ ಬೀಳಲಿಲ್ಲ.

ಕೌನ್ಸಿಲ್‌ನದು ಇಲ್ಲಿ ನಿಜವಾದ ತಪ್ಪು ಅನ್ನುತ್ತೇನೆ. ಆಫೀಸರ್ ಎತ್ತರ ಅಳೆಯಲು ಬಂದರು, ಎತ್ತರ ಮಾತ್ರ ಅಳೆದರು. ರಾಯರು ತೆಗೆದ ಫೋಟೋದಲ್ಲೇ ಆ ಗೋಡೆಯ ಕೆಳಗೆ ದಪ್ಪನೆಯ ಒಳಚರಂಡಿ ಪೈಪು, ಮೇಲೆ ಅಡುಗೆಮನೆಗೆ ಹಾಕುವಂಥ ಎಕ್ಸಾಸ್ಟ್ ಫ್ಯಾನಿನ ತೂತು ಕಾಣುತ್ತದೆ. ಸಾಮಾನು ಇಡುವ ಕೋಣೆಗೆ ಇವೆರಡೂ ಯಾಕೆ ಅಂತ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಎರಡನೇ ದೂರು

ಒಂದೇ ಪುಟ. ಎತ್ತರದ ಬಗ್ಗೆ ಒಂದಕ್ಷರವೂ ಬೇಡ ಅಂದೆ. ರಾಯರಿಗೆ ಮನಸ್ಸಿರಲಿಲ್ಲ, ಒಪ್ಪಿಕೊಂಡರು. ಇದರ ಜೊತೆಗೆ ಒಂದು ದಿನಚರಿ ಇಡಲು ಹೇಳಿದೆ. ದಿನ, ಹೊತ್ತು, ಕಂಡದ್ದು. ಅಭಿಪ್ರಾಯ ಬೇಡ, ಬೈಗುಳ ಬೇಡ. ಮಗುವಿನ ಫೋಟೋ ತೆಗೆಯಬೇಡಿ, ಕಿಟಕಿಯೊಳಗೆ ಇಣುಕಬೇಡಿ ಅಂತ ಎರಡೆರಡು ಸಲ ಹೇಳಿದೆ. ಒಳಗಿರುವವರು ಏನೂ ತಪ್ಪು ಮಾಡಿಲ್ಲ. ಬಾಡಿಗೆ ಕೊಟ್ಟು ಇದ್ದಾರೆ, ಅಷ್ಟೇ.

ಆ ದಿನಚರಿಯ ಭಾಷೆ ಹೀಗಿತ್ತು: "ಸೋಮವಾರ ರಾತ್ರಿ 9.40. ಎರಡೂ ಕಿಟಕಿಯಲ್ಲಿ ಬೆಳಕು. ಮಂಗಳವಾರ ಬೆಳಿಗ್ಗೆ 7.50. ಹೆಂಗಸು, ಶಾಲೆಯ ಚೀಲ ಹಾಕಿದ ಮಗು ಓಣಿಯಿಂದ ಹೊರಗೆ. ಗುರುವಾರ. ಕಸದ ಡಬ್ಬಿ ಮೂರು." ಆರು ಪುಟ ಉರಿದುಬಿದ್ದ ಮನುಷ್ಯನೇ ಇದನ್ನೂ ಬರೆದದ್ದು ಅಂದರೆ ನಂಬುವುದು ಕಷ್ಟ.

ಹೊಸ ದೂರು ಹೋದ ಕೆಲವೇ ದಿನಗಳಲ್ಲಿ ಬೇರೆ ಆಫೀಸರ್ ಫೋನ್ ಮಾಡಿದರು. ಈ ಸಲ ಕಡತ ಮೂರನೇ ಗುಂಪಿನಲ್ಲಿ ಇರಲಿಲ್ಲ.

ಕೌನ್ಸಿಲ್ ಮಾಡಿದ್ದು

ಮೊದಲು ಮಾಲೀಕನಿಗೆ ಪ್ರಶ್ನೆಗಳ ಒಂದು ನೋಟಿಸ್ ಹೋಯಿತು. ಅಲ್ಲಿ ಯಾರಿದ್ದಾರೆ, ಯಾವಾಗಿನಿಂದ, ಬಾಡಿಗೆ ಎಷ್ಟು, ಒಳಗೆ ಏನೇನಿದೆ. ಇದಕ್ಕೆ 21 ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಅಪರಾಧ, ಸುಳ್ಳು ಹೇಳಿದರೂ ಅಪರಾಧ. ಮಾಲೀಕ ಉತ್ತರ ಕೊಟ್ಟ: ಜಿಮ್ ಮತ್ತು ಸಾಮಾನು ಇಡುವ ಕೋಣೆ, ಯಾರೂ ವಾಸವಿಲ್ಲ.

ಆಮೇಲೆ ಒಳಗೆ ಹೋಗಿ ನೋಡುವ ಸರದಿ. ಜನ ವಾಸವಿರುವ ಮನೆಯೊಳಗೆ ಹಕ್ಕಿನಿಂದ ಹೋಗಬೇಕಾದರೆ 24 ಗಂಟೆ ಮೊದಲು ತಿಳಿಸಬೇಕು. ತಿಳಿಸಿದರು. ಆ 24 ಗಂಟೆಯಲ್ಲಿ ಮಾಲೀಕ ಒಂದು ಟ್ರೆಡ್‌ಮಿಲ್ ತರಿಸಿ ಇಟ್ಟಿದ್ದ. ಅದರ ಮೇಲಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ, ಮಂಚಕ್ಕೆ ಒತ್ತಿ ನಿಲ್ಲಿಸಿದ್ದರಿಂದ ಅದರ ಮೇಲೆ ಯಾರೂ ಹತ್ತುವ ಹಾಗೂ ಇರಲಿಲ್ಲ. ಪಕ್ಕದ ಫ್ರಿಜ್ಜಿನ ಮೇಲೆ ಶಾಲೆಯ ಟೈಮ್‌ಟೇಬಲ್ ಅಂಟಿಸಿತ್ತು. ಎರಡು ಒಲೆಯ ಹಾಬ್, ಶವರ್, ಒಣಗಲು ಹಾಕಿದ ಯೂನಿಫಾರ್ಮ್. ಹೊಗೆ ಅಲಾರಂ ಇರಲಿಲ್ಲ.

ಒಳಗಿದ್ದದ್ದು ತಾಯಿ, ಒಂದು ಮಗು. ತಿಂಗಳಿಗೆ 750 ಪೌಂಡ್, ಕೈಗೆ ನಗದು.

ಇಲ್ಲಿ ಆಫೀಸರ್ ಮುಂದೆ ಸುಲಭದ ದಾರಿ ಯಾವುದೂ ಇರಲಿಲ್ಲ. ಕೂಡಲೇ ಖಾಲಿ ಮಾಡಿಸಿದರೆ ತಾಯಿ ಮಗು ಬೀದಿಗೆ. ಬಿಟ್ಟರೆ ಮಾಲೀಕನಿಗೆ ಬಾಡಿಗೆ ಬರುತ್ತಲೇ ಇರುತ್ತದೆ, ಅಪಾಯವೂ ಇರುತ್ತದೆ. ಪ್ರಾಸಿಕ್ಯೂಷನ್ ಹಾಕಬಹುದಿತ್ತು, ಸುಳ್ಳು ಉತ್ತರ ಕೈಯಲ್ಲೇ ಇತ್ತು. ಆದರೆ ಅದರಿಂದ ಮಾಲೀಕನಿಗೆ ದಂಡ ಬೀಳುತ್ತದೆಯೇ ಹೊರತು ಔಟ್‌ಹೌಸ್ ಖಾಲಿಯಾಗುವುದಿಲ್ಲ.

ಅವರು ಹಿಡಿದ ಕ್ರಮ ನನಗೆ ಮೆಚ್ಚುಗೆಯಾಯಿತು. ಮೊದಲು ಪ್ಲಾನಿಂಗ್ ಅಲ್ಲ, ಅದೇ ಕೌನ್ಸಿಲ್‌ನ ಹೌಸಿಂಗ್ ವಿಭಾಗ. ಅದೇ ವಾರ ಅಲಾರಂ ಹಾಕಿಸಿದರು, ವೈರಿಂಗ್ ನೋಡಿಸಿದರು. ಮನೆ ಕಳೆದುಕೊಳ್ಳುವ ಅಪಾಯ 56 ದಿನದೊಳಗೆ ಇರುವವರಿಗೆ ನೆರವಾಗುವ ಹೊಣೆ 2017ರ ಒಂದು ಕಾಯಿದೆಯಿಂದ ಕೌನ್ಸಿಲ್ ಮೇಲೆ ಇದೆ. ಆ ದಿನ ಬರುವ ತನಕ ಕಾಯದೆ ತಾಯಿಯ ಹೆಸರನ್ನು ಆಗಲೇ ಬರೆದುಕೊಂಡರು. ಆಮೇಲೆ 2023ರ ಶರತ್ಕಾಲದಲ್ಲಿ ಮಾಲೀಕನಿಗೆ ನೋಟಿಸ್ ಹೊರಟಿತು: ಅನುಮತಿ ಇಲ್ಲದೆ ಕಟ್ಟಡ ಕಟ್ಟಿ ಪ್ರತ್ಯೇಕ ಮನೆಯಾಗಿ ಬಳಸುತ್ತಿದ್ದೀರಿ. ಆರು ತಿಂಗಳಲ್ಲಿ ವಾಸ ನಿಲ್ಲಿಸಿ, ಅಡುಗೆಮನೆ, ಶವರ್ ಕಿತ್ತುಹಾಕಿ.

ಕಟ್ಟಡ ಒಡೆಯಿರಿ ಅಂತ ಬರೆಯಲಿಲ್ಲ. ರಾಯರು ಹೌಹಾರಿದರು. ಕಟ್ಟಡವೇ ಅಕ್ರಮ ಅಂತ ನೋಟಿಸಿನಲ್ಲೇ ಇದೆ, ಮತ್ತೆ ಯಾಕೆ ಬಿಟ್ಟರು? ಇದೊಂದು ಸೂಕ್ಷ್ಮ. ಕಾಯಿದೆಯ 173ನೇ ಸೆಕ್ಷನ್‌ನಲ್ಲಿ ಒಂದು ಮಾತಿದೆ. ತೆಗೆಸಬಹುದಾಗಿದ್ದ ಕಟ್ಟಡವನ್ನು ತೆಗೆಯಿರಿ ಅಂತ ನೋಟಿಸಿನಲ್ಲಿ ಕೇಳದೆ ಬಿಟ್ಟರೆ, ಕೇಳಿದ್ದನ್ನೆಲ್ಲ ಮಾಲೀಕ ಮಾಡಿ ಮುಗಿಸಿದರೆ, ಉಳಿದದ್ದಕ್ಕೆ ಅನುಮತಿ ಸಿಕ್ಕಿದ ಹಾಗೇ. ಅಂದರೆ ಕೌನ್ಸಿಲ್ ಗೊತ್ತಿದ್ದೇ ಆ 35 ಸೆಂಟಿಮೀಟರನ್ನು ಬಿಟ್ಟುಕೊಟ್ಟಿತು. ಒಡೆಯಿರಿ ಅಂದಿದ್ದರೆ ಅಪೀಲಿನಲ್ಲಿ ಅದು ಅತಿಯಾಯಿತು ಅನ್ನುವ ವಾದಕ್ಕೆ ಬಲ ಬರುತ್ತಿತ್ತು, ಮುಖ್ಯ ವಿಷಯ ಪಕ್ಕಕ್ಕೆ ಸರಿಯುತ್ತಿತ್ತು. ವಾಸ ನಿಲ್ಲಬೇಕು, ಅದೊಂದು ಗಟ್ಟಿಯಾಗಿ ನಿಲ್ಲಬೇಕು. ಅದಕ್ಕಾಗಿ ಎತ್ತರದ ವಿಷಯ ಕೈಬಿಟ್ಟರು. ರಾಯರು ನನ್ನ ಜೊತೆ ಎರಡು ವಾರ ಸರಿಯಾಗಿ ಮಾತಾಡಲಿಲ್ಲ.

ಅಪೀಲು

ಇಂಥ ನೋಟಿಸ್ ಕೈಸೇರಿ ಕನಿಷ್ಠ 28 ದಿನ ಕಳೆದ ಮೇಲೆಯೇ ಜಾರಿಗೆ ಬರುತ್ತದೆ. ಅದಕ್ಕೆ ಮೊದಲು ಅಪೀಲು ಹಾಕಿದರೆ ತೀರ್ಪು ಬರುವ ತನಕ ನೋಟಿಸ್ ತೂಗಾಡುತ್ತದೆ. ಮಾಲೀಕ ಹಾಕಿದ. ಒಂದು ವಾದ: ಅನುಮತಿ ಕೊಡಬೇಕು, ಊರಿನಲ್ಲಿ ಮನೆಗಳೇ ಇಲ್ಲ. ಇನ್ನೊಂದು: ಅಲ್ಲಿ ಹಳೆಯ ಇಟ್ಟಿಗೆಯ ಕೋಣೆ ಇತ್ತು, 2018ರಿಂದಲೂ ಜನ ವಾಸವಿದ್ದರು, ನಾಲ್ಕು ವರ್ಷ ದಾಟಿದೆ, ನೀವು ಮುಟ್ಟುವ ಹಾಗಿಲ್ಲ.

ನಾಲ್ಕು ವರ್ಷದ ವಿಷಯ ಹೇಳಬೇಕು, ಯಾಕೆಂದರೆ ಕೌನ್ಸಿಲ್‌ಗಳ ಆದ್ಯತೆಯಲ್ಲಿ ಗಡಿಯಾರಕ್ಕೂ ದೊಡ್ಡ ಪಾತ್ರ ಇದೆ. ಆಗಿನ ಕಾನೂನಿನಲ್ಲಿ ಅನುಮತಿ ಇಲ್ಲದ ಕಟ್ಟಡ, ಪ್ರತ್ಯೇಕ ಮನೆಯಾಗಿ ಬಳಸುವುದು, ಎರಡೂ ನಾಲ್ಕು ವರ್ಷ ತಡೆಯಿಲ್ಲದೆ ನಡೆದುಬಿಟ್ಟರೆ ಕೌನ್ಸಿಲ್ ಕೈ ಕಟ್ಟಿಹೋಗುತ್ತಿತ್ತು. ಬೇರೆ ಬಗೆಯ ಬಳಕೆಗೆ ಹತ್ತು ವರ್ಷ. ಈ ನಾಲ್ಕು ವರ್ಷ ಕಳೆಯಲಿ ಅಂತ ಜನ ಏನೇನು ಆಟ ಆಡಿದ್ದಾರೆ ಅನ್ನುವುದಕ್ಕೆ ಇಲ್ಲಿ ಎಲ್ಲರಿಗೂ ಗೊತ್ತಿರುವ ಎರಡು ಕೇಸುಗಳಿವೆ. ಸರ್ರೆಯ ರೈತ ರಾಬರ್ಟ್ ಫಿಡ್ಲರ್ ಕೋಟೆಯಂಥ ಮನೆ ಕಟ್ಟಿ ಅದನ್ನು ಹುಲ್ಲಿನ ಕಂತೆಗಳ ಹಿಂದೆ ಮುಚ್ಚಿಟ್ಟಿದ್ದ. 2006ರಲ್ಲಿ ಕಂತೆ ತೆಗೆದ. ಕಡೆಗೆ 2016ರಲ್ಲಿ ಅದನ್ನು ಒಡೆಯಬೇಕಾಯಿತು. ಹರ್ಟ್‌ಫರ್ಡ್‌ಶೈರಿನಲ್ಲಿ ಬೀಸ್ಲಿ ಎಂಬಾತ ಹುಲ್ಲಿನ ಕಣಜಕ್ಕೆ ಅನುಮತಿ ತೆಗೆದುಕೊಂಡು, ಹೊರಗಿನಿಂದ ಕಣಜ, ಒಳಗೆ ಪೂರ್ತಿ ಮನೆ ಮಾಡಿಕೊಂಡಿದ್ದ. ಹೀಗೆ ಕಣ್ಣಿಗೆ ಮಣ್ಣೆರಚಿದವನಿಗೆ ನಾಲ್ಕು ವರ್ಷದ ರಕ್ಷಣೆ ಸಿಗದು ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಇಂಥ ಮುಚ್ಚಿಟ್ಟ ಕೇಸುಗಳಿಗಾಗಿ ಕಾನೂನಿಗೂ ತಿದ್ದುಪಡಿ ಬಂತು. ಈಗ ಇಂಗ್ಲೆಂಡಿನಲ್ಲಿ 2024ರ ಏಪ್ರಿಲ್ 25ರಿಂದ ಎಲ್ಲದಕ್ಕೂ ಹತ್ತು ವರ್ಷ. ಅದಕ್ಕೂ ಮೊದಲೇ ಕಟ್ಟಿ ಮುಗಿಸಿದವರಿಗೆ ಅಥವಾ ಮನೆಯಾಗಿ ಬದಲಾಯಿಸಿದವರಿಗೆ ಮಾತ್ರ ಹಳೆಯ ನಾಲ್ಕು ವರ್ಷದ ಲೆಕ್ಕ.

ನಮ್ಮ ಮಾಲೀಕನ ಕಥೆ ಅಷ್ಟು ದೂರ ಹೋಗಲಿಲ್ಲ. ನಾಲ್ಕು ವರ್ಷ ಆಗಿದೆ ಅಂತ ತೋರಿಸುವ ಹೊಣೆ ಅಪೀಲು ಹಾಕಿದವನದೇ. ಕೌನ್ಸಿಲ್ ಒಂದು ಆಕಾಶದ ಚಿತ್ರ ಮುಂದಿಟ್ಟಿತು. 2021ರ ಬೇಸಿಗೆಯದು. ಔಟ್‌ಹೌಸ್ ಇರಬೇಕಾದ ಜಾಗದಲ್ಲಿ ಹುಲ್ಲು, ಅದರ ಮೇಲೆ ಒಂದು ದುಂಡನೆಯ ಟ್ರ್ಯಾಂಪೊಲೀನ್. ಆ ಜಾಗಕ್ಕೆ ಪ್ರತ್ಯೇಕವಾಗಿ ಕೌನ್ಸಿಲ್ ಟ್ಯಾಕ್ಸ್ (ಮನೆ ತೆರಿಗೆ) ಕಟ್ಟಿದ ದಾಖಲೆಯೂ ಇರಲಿಲ್ಲ.

ಅಪೀಲಿಗೆ ವರ್ಷದ ಮೇಲಾಯಿತು. ನಡುವೆ ತಾಯಿ ಮಗುವಿಗೆ ಬೇರೆ ಮನೆ ಸಿಕ್ಕಿತು. ಅವರು ಹೋದ ಹದಿನೈದು ದಿನಕ್ಕೆ ಮಾಲೀಕ ಇಬ್ಬರು ಹುಡುಗರನ್ನು ತಂದು ಇಟ್ಟ! ನೋಟಿಸ್ ತೂಗಾಡುತ್ತಿದ್ದ ಕಾರಣ ಅದನ್ನು ಮೀರಿದ ಅಪರಾಧ ಅವನ ಮೇಲೆ ಹೊರಿಸುವ ಹಾಗಿರಲಿಲ್ಲ. ಈ ವ್ಯವಸ್ಥೆಯಲ್ಲಿ ನನಗೆ ಇನ್ನೂ ಜೀರ್ಣವಾಗದ ಭಾಗ ಇದು. ಅಪೀಲು ಹಾಕುವ ಹಕ್ಕು ಇರಲೇಬೇಕು, ಸರಿ. ಆದರೆ ಬಾಡಿಗೆಗೆ ಕೊಟ್ಟವನಿಗೆ ತಡವಾದಷ್ಟೂ ಲಾಭ. ಸೋತರೂ ಅವನು ಗೆದ್ದ ಹಾಗೇ.

2024ರ ಕೊನೆಗೆ, ಇಂಥ ಅಪೀಲುಗಳನ್ನು ತೀರ್ಮಾನಿಸುವ ಪ್ಲಾನಿಂಗ್ ಇನ್‌ಸ್ಪೆಕ್ಟರ್ ತೀರ್ಪು ಬಂತು. ಅಪೀಲು ವಜಾ. ಒಳಗೆ ಬೆಳಕು ಕಡಿಮೆ, ಜಾಗ ಕಡಿಮೆ, ಮನುಷ್ಯರು ವಾಸ ಮಾಡಲು ತಕ್ಕದ್ದಲ್ಲ ಅನ್ನುವುದೇ ಮುಖ್ಯ ಕಾರಣ. ರಾಯರ ದಿನಚರಿಯ ಉಲ್ಲೇಖವೂ ಇತ್ತು. ಆದರೆ ಒಳಗಿದ್ದವರಿಗೆ ಬೇರೆ ಮನೆ ಹುಡುಕಲು ಸಮಯ ಬೇಕು ಅಂತ ಆರು ತಿಂಗಳನ್ನು ಒಂಬತ್ತು ಮಾಡಿದರು.

ಇದರಿಂದ ಏನು ತಿಳಿಯಿತು

ಇದೇ ಕಟ್ಟಡ, ಇದೇ ಕೌನ್ಸಿಲ್, ಇದೇ ದೂರುದಾರ. ಒಂದು ಸಲ ಬಾಗಿಲು ಮುಚ್ಚಿತು, ಇನ್ನೊಂದು ಸಲ ತೆರೆಯಿತು. ಮೊದಲ ಸಲ ರಾಯರು ನಿಯಮ ಮೀರಿದ್ದನ್ನು ತೋರಿಸಿದ್ದರು. ಎರಡನೇ ಸಲ ಹಾನಿಯನ್ನು ತೋರಿಸಿದರು. ಎಷ್ಟು ಜೋರಾಗಿ ಬರೆದರು, ಕೌನ್ಸಿಲರ್‌ಗೆ ಎಷ್ಟು ಸಲ ಫೋನ್ ಮಾಡಿದರು (ಮಾಡಿದ್ದರು, ಬಹಳ ಸಲ) ಅನ್ನುವುದರಿಂದ ಗುಂಪು ಬದಲಾಗಲಿಲ್ಲ. ಅಳುವ ಮಗುವಿಗೆ ಹಾಲು ಅನ್ನುವ ಮಾತು ಇಲ್ಲಿ ನಡೆಯಲಿಲ್ಲ.

ದೂರು ಕೊಡುವ ಮೊದಲು ನಿಮ್ಮ ಕೌನ್ಸಿಲ್‌ನ ಎನ್‌ಫೋರ್ಸ್‌ಮೆಂಟ್ ಪ್ಲಾನ್ ಓದಿ. ನಿಮ್ಮ ವಿಷಯ ಯಾವ ಗುಂಪಿಗೆ ಬೀಳುತ್ತದೆ ಅಂತ ನೀವೇ ಮೊದಲು ನೋಡಿ. ಮತ್ತೆ ಸರಿಪಡಿಸಲು ಆಗದ್ದು ಏನಾದರೂ ನಡೆಯುತ್ತಿದೆಯಾ? ಯಾರಿಗಾದರೂ ಅಪಾಯ ಇದೆಯಾ? ಕಾಲಮಿತಿ ಹತ್ತಿರ ಬಂದಿದೆಯಾ? ಇದ್ದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಿ, ಐದನೇ ಪುಟದಲ್ಲಿ ಅಲ್ಲ. ಇವು ಯಾವುದೂ ಇಲ್ಲ ಅಂತಾದರೆ ಕಡತ ಮುಚ್ಚಿದ ಪತ್ರ ಬರುವ ಸಾಧ್ಯತೆಗೆ ಸಿದ್ಧರಾಗಿರಿ. ಆಗ ಕೇಳಬೇಕಾದದ್ದು ಕಾರಣ. ಯಾವ ಲೆಕ್ಕದ ಮೇಲೆ ಬಿಟ್ಟಿರಿ ಅಂತ ಕೇಳಿ, ಬರೆದ ಟಿಪ್ಪಣಿ ಇದ್ದರೆ ಕೊಡಿ ಅನ್ನಿ. ಅದರಲ್ಲಿ ಏನನ್ನಾದರೂ ನೋಡದೆ ಬಿಟ್ಟಿದ್ದರೆ ಹಿಡಿದು ಕೇಳಬಹುದು. ಕೌನ್ಸಿಲ್‌ಗಳ ಮೇಲಿನ ದೂರು ವಿಚಾರಿಸುವ ಒಂಬಡ್ಸ್‌ಮನ್ ಹತ್ತಿರ ಹೋದರೂ ಅವರು ನೋಡುವುದು ತೀರ್ಮಾನ ತೆಗೆದುಕೊಂಡ ರೀತಿಯನ್ನು. ತೀರ್ಮಾನ ಇಷ್ಟವಾಗಲಿಲ್ಲ ಅಂದರೆ ಅವರು ತಲೆ ಹಾಕುವುದಿಲ್ಲ.

ಕೌನ್ಸಿಲ್ ಕಡೆಯವರು ಯಾರಾದರೂ ಓದುತ್ತಿದ್ದರೆ ಅವರಿಗೂ ಒಂದು ಮಾತು. ದೂರುದಾರ ಹೇಳಿದ ಹೆಸರಿಗೆ ತಕ್ಕ ಗುಂಪಿಗೆ ಕಡತ ಹಾಕಿ, ಅಷ್ಟನ್ನೇ ನೋಡಿ ಬರುವ ಅಭ್ಯಾಸ ಅಪಾಯದ್ದು. ಅಕ್ಕಪಕ್ಕದವರಿಗೆ ಕಾನೂನಿನ ಭಾಷೆ ಗೊತ್ತಿರುವುದಿಲ್ಲ. ಅವರು ಎತ್ತರದ ಬಗ್ಗೆ ಸಿಟ್ಟಾಗುತ್ತಾರೆ, ಒಗ್ಗರಣೆ ವಾಸನೆಯನ್ನು ಸುಮ್ನೆ ಮಾತಿಗೆ ಹೇಳಿ ಮುಂದೆ ಹೋಗುತ್ತಾರೆ. ಸ್ಥಳಕ್ಕೆ ಹೇಗೂ ಹೋಗಿದ್ದೀರಿ, ಪೈಪು ಎಲ್ಲಿಗೆ ಹೋಗುತ್ತದೆ ನೋಡಿ.

2025ರಲ್ಲಿ ಔಟ್‌ಹೌಸ್ ಖಾಲಿಯಾಯಿತು. ಹಾಬ್, ಶವರ್ ಕಿತ್ತದ್ದನ್ನು ಆಫೀಸರ್ ಬಂದು ನೋಡಿ ಹೋದರು. ಆದರೆ ನೋಟಿಸ್ ಅಲ್ಲಿಗೆ ಮುಗಿಯುವುದಿಲ್ಲ. ಹೇಳಿದ್ದನ್ನು ಮಾಡಿದ ಮೇಲೂ ಅದು ಆ ಜಾಗದ ಮೇಲೆ ಉಳಿಯುತ್ತದೆ. ಹತ್ತು ವರ್ಷ ಬಿಟ್ಟು ಯಾರಾದರೂ ಅಲ್ಲಿ ಮತ್ತೆ ಬಾಡಿಗೆಗೆ ಜನ ಇಟ್ಟರೆ ಅದೇ ನೋಟಿಸ್ ಮೀರಿದ ಹಾಗೆ. ಮಾಲೀಕ ಈಗ ಮನೆ ಮಾರಾಟಕ್ಕೆ ಇಟ್ಟಿದ್ದಾನೆ. ಜಾಹೀರಾತಿನಲ್ಲಿ ಅದನ್ನು "ಗಾರ್ಡನ್ ಸ್ಟುಡಿಯೊ" ಅಂತ ಬರೆಸಿದ್ದ. ಕೊಳ್ಳಲು ಬಂದವರ ಸಾಲಿಸಿಟರ್ ದಾಖಲೆ ಹುಡುಕಿದಾಗ ನೋಟಿಸ್ ಸಿಕ್ಕಿ, ಕೇಳಿದ ಮೊದಲ ಪ್ರಶ್ನೆಯೇ ಅದರ ಬಗ್ಗೆ ಅಂತೆ. ಜಾಹೀರಾತಿನಿಂದ ಆ ಸಾಲು ತೆಗೆದಿದ್ದಾರೆ. ಬೆಲೆಯನ್ನೂ ಒಂದು ಸಲ ಇಳಿಸಿದ್ದಾರೆ.